ಐಸಿನಲ್ಲಿ ಹತ್ತೊಂಬತ್ತು ಗಂಟೆ ಇದ್ದ ಕಿಡ್ನಿ ಮತ್ತು ನಮ್ಮ ಮಾವನವರ ಬಗ್ಗೆ

ನಾನು ಪವಿತ್ರ, ಗಂಡ ಬಸವಪ್ರಸಾದ್, ವಯಸ್ಸು 31, ಹೊಲಿಗೆ ಕೆಲಸ, ವಾಸ ದೇವನೂರು ಗ್ರಾಮ, ನಂಜನಗೂಡು ತಾಲ್ಲೂಕು. ಈ ದಿನ ಸಂಜೆ ಠಾಣೆಯಲ್ಲಿ ಖುದ್ದಾಗಿ ಹೇಳಿ ಬರೆಸುತ್ತಿರುವುದೇನೆಂದರೆ:

ನನ್ನ ಯಜಮಾನರಿಗೆ ಎರಡೂ ಕಿಡ್ನಿ ಕೆಟ್ಟು ನಾಲ್ಕು ವರ್ಷದಿಂದ ಡಯಾಲಿಸಿಸ್ ನಡೆಯುತ್ತಿತ್ತು. ಇದೇ ತಿಂಗಳು 5ರಂದು ಮೈಸೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ, ಅಪಘಾತದಲ್ಲಿ ತೀರಿಕೊಂಡ ಯಾರೋ ಒಬ್ಬರ ಕಿಡ್ನಿಯನ್ನು ಅವರಿಗೆ ಜೋಡಿಸಿದರು. ಅದು ಮೊದಲು ಬೇರೊಬ್ಬ ರೋಗಿಗೆಂದು ನಿಗದಿಯಾಗಿತ್ತು. ಆ ರೋಗಿಗೆ ಜ್ವರ ಬಂದ ಕಾರಣ ನಮ್ಮವರಿಗೆ ಸಿಕ್ಕಿತು. ಅಷ್ಟರಲ್ಲಿ ಅದು ಐಸ್ ಪೆಟ್ಟಿಗೆಯಲ್ಲಿ 19 ಗಂಟೆ ಇತ್ತು.

ಜೋಡಿಸಿ ಈ ದಿನಕ್ಕೆ ಒಂಬತ್ತು ದಿನವಾದರೂ ಮೂತ್ರ ಬಂದಿಲ್ಲ. ನಾಲ್ಕನೇ ದಿನವೇ ಡಾಕ್ಟರು ನನ್ನನ್ನೂ ಮಾವನವರನ್ನೂ ಕೂರಿಸಿಕೊಂಡು, ಐಸಿನಲ್ಲಿ ಇಡದಿದ್ದರೆ ಕಿಡ್ನಿ ಕೆಟ್ಟೇಹೋಗುತ್ತದೆ, ಆದರೆ ಹೆಚ್ಚು ಹೊತ್ತು ಇಟ್ಟರೆ ಆ ಥಂಡಿಯೇ ಅದಕ್ಕೆ ಪೆಟ್ಟು ಕೊಡುತ್ತದೆ, ಒಳಗಿನ ಜೀವಕೋಶಗಳು ಊದಿಕೊಳ್ಳುತ್ತವೆ, ಮತ್ತೆ ಬಿಸಿ ರಕ್ತ ಹರಿದಾಗ ಪೆಟ್ಟು ಇನ್ನೂ ಹೆಚ್ಚುತ್ತದೆ, ಚೇತರಿಸಿಕೊಳ್ಳಲು ಎರಡು ಮೂರು ವಾರ ಬೇಕಾಗಬಹುದು, ಚೇತರಿಸಿಕೊಳ್ಳದೆಯೂ ಇರಬಹುದು ಎಂದು ತಿಳಿಸಿದರು. ಅಲ್ಲಿಯವರೆಗೆ ಡಯಾಲಿಸಿಸ್ ಬೇಕೆಂದೂ, ಮೈ ಆ ಕಿಡ್ನಿಯನ್ನು ಹೊರಗಿನದೆಂದು ತಳ್ಳದಿರಲು ಕೊಡುವ ಮಾತ್ರೆಯನ್ನು ಒಂದು ಹೊತ್ತೂ ತಪ್ಪಿಸಬಾರದೆಂದೂ ಹೇಳಿದರು.

ಮಾವನವರಾದ ಪುಟ್ಟಬಸವಯ್ಯನವರು ರಸಬಾಳೆ ಬೆಳೆಯುವವರು. ಕೆಟ್ಟವರಲ್ಲ, ನನ್ನನ್ನು ಒಂದು ದಿನವೂ ಗದರಿದವರಲ್ಲ. ಆದರೆ ಹಿಡಿದದ್ದೇ ಹಟ. ಹಿಂದೊಮ್ಮೆ ವ್ಯಾಪಾರಿಯೊಬ್ಬ ನಮ್ಮ ತೋಟದ ಗೊನೆಗಳನ್ನು ಕೋಲ್ಡ್ ಸ್ಟೋರೇಜಿಗೆ ಹಾಕಿಸಿದ್ದ. ಸಿಪ್ಪೆ ಕಪ್ಪಾಗಿ, ಕಾಯಿ ಮಾಗದೆ, ಎಲ್ಲವನ್ನೂ ದನಕ್ಕೆ ಹಾಕಿದೆವು. ಡಾಕ್ಟರ ಮಾತು ಕೇಳಿದಂದಿನಿಂದ ಮಾವನವರದು ಅದೇ ರಾಗ. “ತಂಡಿ ಬಡ್ದ ಕಾಯಿ ಮತ್ತೆ ಮಾಗಕಿಲ್ಲ ಕಣವ್ವ. ಸತ್ತೋಗಿರೋ ಕಿಡ್ನಿ ಮಡಗಿ ನನ್ ಮಗನ್ನ ಸಾಯಿಸ್ತಾವ್ರೆ” ಎನ್ನುತ್ತಿದ್ದರು.

ಈ ದಿನ ಬೆಳಿಗ್ಗೆ ನಾನು ಮಗಳನ್ನು ನೋಡಲು ತಿ. ನರಸೀಪುರದ ತವರಿಗೆ ಹೋಗಿದ್ದೆ. ಮಧ್ಯಾಹ್ನ 3 ಗಂಟೆಗೆ ಯಜಮಾನರು ಫೋನ್ ಮಾಡಿ, ಅಪ್ಪ ರುಜು ಹಾಕಿ ನನ್ನನ್ನು ಆಸ್ಪತ್ರೆಯಿಂದ ಬಿಡಿಸಿಕೊಳ್ಳುತ್ತಿದ್ದಾರೆ, ಬಿಲ್ ಮುಗಿದ ಕೂಡಲೇ ಊರಿಗೆ ಹೊರಡುತ್ತೇವೆ, ಇನ್ನು ನಾಟಿ ಔಷಧಿಯಂತೆ, ಆಸ್ಪತ್ರೆ ಮಾತ್ರೆ ಬೇಡವಂತೆ ಎಂದು ಮೆಲ್ಲಗೆ ತಿಳಿಸಿದರು. ಕೂಡಲೇ ನಾನು, ನಂಜನಗೂಡು ಬಸ್ ನಿಲ್ದಾಣದ ಹತ್ತಿರ ವಾಕರಿಕೆ ಎಂದು ಹೇಳಿ ಗಾಡಿ ನಿಲ್ಲಿಸಿಕೊಳ್ಳಿ ಎಂದು ತಿಳಿಸಿ ಬಸ್ಸು ಹತ್ತಿದೆ.

4.40ಕ್ಕೆ ನಾನು ಇಳಿದಾಗ ಗಾಡಿ ಅಲ್ಲಿ ನಿಂತಿತ್ತು. ಸೀದಾ ಹೋಗಿ ಕೀ ಕಿತ್ತುಕೊಂಡೆ. ಓಡಿಸುತ್ತಿದ್ದ ಮೈದುನ ಮಹಾದೇವಸ್ವಾಮಿ, “ಅತ್ಗೆ, ಬೀದೀಲಿ ಮಾನ ಕಳೀಬ್ಯಾಡಿ” ಎಂದು ಕೂಗಾಡಿದರು. ಹೋದರೆ ಹೋಗಲಿ ಎಂದೆ. ಜನ ಸೇರಿದ್ದರಿಂದ ಪೇದೆಯವರು ಬಂದು ನಮ್ಮೆಲ್ಲರನ್ನೂ ಠಾಣೆಗೆ ಕರೆತಂದರು.

ಸಬ್ ಇನ್ಸ್‌ಪೆಕ್ಟರ್ ಸಾಹೇಬರು ಯಜಮಾನರ ಇಷ್ಟವೇನೆಂದು ಕೇಳಲಾಗಿ, ಅವರು ಆಸ್ಪತ್ರೆಗೆ ಹೋಗಲೂ ಭಯ, ಮನೆಗೆ ಹೋಗಲೂ ಭಯ ಎಂದು ಅತ್ತುಬಿಟ್ಟರು. ಆಗ ನಾನು, “ಮಾವ, ಕಡ್ದಿರೋ ಗೊನೇನ ತಿರುಗ ಗಿಡಕ್ಕೆ ಕೂಡ್ಸಕಾಯ್ತದಾ? ಇದನ್ನ ಕೂಡ್ಸವ್ರೆ. ಒಳಗೆ ರಕ್ತ ಓಡಾಡ್ತಾ ಅದೆ ಅಂತ ಸ್ಕ್ಯಾನಲ್ಲಿ ತೋರ್ಸುದ್ರಲ್ಲ. ಮುಟ್ಟಿ ನೋಡಿ” ಎಂದು ಹೇಳಿ, ಅವರ ಕೈಯನ್ನು ಹಿಡಿದು ಯಜಮಾನರ ಬಲ ಕಿಬ್ಬೊಟ್ಟೆಯ ಬ್ಯಾಂಡೇಜಿನ ಪಕ್ಕದಲ್ಲಿ ಇಟ್ಟೆ. ಬೆಚ್ಚಗಿತ್ತು. ಮಾವನವರು ಕೈಯನ್ನು ತೆಗೆಯಲಿಲ್ಲ.

ಈ ಕಿಡ್ನಿ ಕೆಲಸ ಶುರುಮಾಡುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ. ಮಾಡದಿದ್ದರೆ ಮಾವನವರ ಮಾತೇ ನಿಜವಾಗುತ್ತದೆ, ಅದನ್ನೂ ತಡೆದುಕೊಳ್ಳುತ್ತೇನೆ. ಆದರೆ ಯಾರದೋ ಮನೆಯವರು ಅಳುತ್ತಾ ಕೊಟ್ಟದ್ದನ್ನು ನಾವಾಗಿಯೇ ಹಾಳುಮಾಡಲು ಬಿಡುವುದಿಲ್ಲ. ಯಜಮಾನರನ್ನು ಕೂಡಲೇ ಆಸ್ಪತ್ರೆಗೆ ವಾಪಸ್ ಕಳಿಸಿಕೊಡಬೇಕೆಂಬುದೊಂದೇ ನನ್ನ ಕೋರಿಕೆ.

ಮಾವನವರ ಮೇಲೆ ಕ್ರಮ ಬೇಕೇ ಎಂದು ಸಾಹೇಬರು ನನ್ನನ್ನು ಕೇಳುತ್ತಿರುವಾಗ ಮಾವನವರೇ ಎದ್ದು ನಿಂತು, “ಕೇಸು ಆಮೇಲೆ ಬರ್ಕಳಿ ಸಾ, ಎಲ್ಲಿ ಬೇಕಾದ್ರೂ ಸೈನ್ ಆಕ್ತೀನಿ. ಎಂಟು ಗಂಟೆ ಮಾತ್ರೆ ಒತ್ತು ಮೀರೋಯ್ತದೆ. ಮೊದ್ಲು ನಮ್ಮ ಬುಡಿ” ಎಂದರು. ಆದ್ದರಿಂದ ಹೆಚ್ಚಿಗೆ ಏನೂ ಬರೆಸದೆ ಇಲ್ಲಿಗೆ ನಿಲ್ಲಿಸಿರುತ್ತೇನೆ.

ಬರೆದದ್ದನ್ನು ಓದಿ ಹೇಳಿದರು, ಕೇಳಿದೆ. ನಾನು ಹೇಳಿದಂತೆಯೇ ಇದೆ, ಎಲ್ಲವೂ ನಿಜ.

ಸ್ಥಳ: ನಂಜನಗೂಡು
ದಿನಾಂಕ: 14-03-2025, ಸಂಜೆ 6.10
ಸಹಿ/- ಪವಿತ್ರ