ಅಲುಗಾಡದ ಹಾಗೆ ಹಿಡ್ಕೊಳ್ರೀ

ಸ್ವಲ್ಪ ಹತ್ತಿರ ಬನ್ನಿ, ಜೋರಾಗಿ ಹೇಳೋ ವಿಷಯ ಅಲ್ಲ ಇದು. ಯಾರೋ ಹೇಳಿದ್ದೂ ಅಲ್ಲ... ನಮ್ಮ ದೊಡ್ಡಮ್ಮನ ಮಗಳಿಗೇ ಆಗಿದ್ದು.

ಆ ರಾತ್ರಿ ಅಕ್ಕ, ಭಾವ ಪೇಟೆಯಿಂದ ನಡ್ಕೊಂಡು ಬರ್ತಿದ್ರು. ಆಲದ ಮರ ದಾಟಿದ್ರೆ ಹಾಳು ಬಾವಿ, ಬಾವಿ ದಾಟಿದ್ರೆ ಮನೆ. ಅಕ್ಕನ ಕೈಯಲ್ಲಿ ಹೊಸ ಟ್ರೈಪಾಡ್, ಕ್ಯಾಮೆರಾ ನಿಲ್ಲಿಸೋ ಮೂರು ಕಾಲಿನ ಸ್ಟ್ಯಾಂಡು.

ಅಕ್ಕ ಟೈಲರ್. ಹೊಲಿದ ಬಟ್ಟೆಗಳ ಫೋಟೊ ತೆಗೆದು ಗಿರಾಕಿಗಳಿಗೆ ಕಳಿಸೋಕೆ ಅವಳ ಹತ್ರ ಅಂಗೈಯಗಲದ ಕ್ಯಾಮೆರಾ ಇತ್ತು. ಆರು ತಿಂಗಳಿಂದ ಬಲಗೈ ನಡುಗೋಕೆ ಶುರುವಾಗಿ ಫೋಟೊ ಎಲ್ಲಾ ಮಸುಕು. ಇವತ್ತು ಫೋಟೊ, ನಾಳೆ ಸೂಜಿ... ಆ ಭಯ ಅವಳನ್ನ ಒಳಗೊಳಗೇ ತಿಂತಿತ್ತು. ಅಂಗಡೀಲಿ ಒಂದೊಂದೇ ಟ್ರೈಪಾಡ್ ಎತ್ತಿ ನೋಡಿದಳಂತೆ. ಭಾರದ್ದು ಆ ಕೈಗೆ ಆಗಲಿಲ್ಲ. ಎಲ್ಲಕ್ಕಿಂತ ಹಗುರದ್ದು ಆರಿಸಿದಳು.

"ಗಾಳಿಗೆ ಅಲುಗಾಡುತ್ತಮ್ಮಾ, ಯಾರಾದ್ರೂ ಹಿಡ್ಕೋಬೇಕು," ಅಂದ ಅಂಗಡಿಯವನು.

"ನಾನಿದೀನಲ್ಲ," ಅಂದ್ರು ಭಾವ. ಇಲಿ ಕಂಡ್ರೆ ಮಂಚ ಹತ್ತೋ ಮನುಷ್ಯ!

ಬಾವಿ ಹತ್ರ ಹಾಲಿನಂಥ ಬೆಳದಿಂಗಳು. ಹೊಸದು ಕೈಗೆ ಸಿಕ್ಕಮೇಲೆ ತಡೆಯೋಕಾಗುತ್ತಾ? "ಒಂದೇ ಒಂದು ತೆಗೀತೀನಿ," ಅಂತ ಚೀಲದಲ್ಲಿದ್ದ ಕ್ಯಾಮೆರಾ ಅದಕ್ಕೆ ಸಿಕ್ಕಿಸಿ, ಬಾವಿಕಟ್ಟೆ ಪಕ್ಕದ ಚಪ್ಪಡಿ ಮೇಲೆ ನಿಲ್ಲಿಸಿದಳು. ಗಾಳಿ ಬೀಸ್ತು. ಅದರ ಕಾಲು ಕಲ್ಲಿಗೆ ಬಡೀತು. ಟಕ್... ಟಕ್ ಟಕ್...

ಕ್ಯಾಮೆರಾದಿಂದ ಕಣ್ಣು ತೆಗೀದೆ ಅಕ್ಕ ಅಂದಳು, "ಅಲುಗಾಡದ ಹಾಗೆ ಹಿಡ್ಕೊಳ್ರೀ."

ಟಕ್ ಟಕ್ ನಿಂತುಹೋಯ್ತು.

ಕ್ಲಿಕ್. "ಹಾಂ... ಹಾಗೇ."

"ಯಾರ ಹತ್ರನೇ ಮಾತಾಡ್ತಿದೀಯ?" ಭಾವನ ದನಿ... ದೂರದಿಂದ, ರಸ್ತೆ ಕಡೆಯಿಂದ. ಗಾಳಿಗೆ ಹಾರಿಹೋದ ರಸೀದಿ ಹಿಡಿಯೋಕೆ ಹೋಗಿದ್ರು.

ಅಕ್ಕ ಕೆಳಗೆ ನೋಡಿದಳು. ಯಾರೂ ಇಲ್ಲ. ಕಲ್ಲಿನ ಮೇಲೆ ಮಾತ್ರ ನೀರು ಬೀಳೋ ಸದ್ದು. ತೊಟ್... ತೊಟ್... ಟ್ರೈಪಾಡ್ ಎತ್ತೋಕೆ ಹೋದಳು, ಬರಲಿಲ್ಲ. ಅಂಗಡೀಲಿ ಎರಡು ಬೆರಳಲ್ಲಿ ಎತ್ತಿದ್ದು ಈಗ ಜಪ್ಪಯ್ಯ ಅಂದ್ರೂ ಅಲ್ಲಾಡ್ತಿಲ್ಲ.

"ಬಿಟ್ಟು ಬಾರೇ," ಓಡಿಬಂದ ಭಾವ ಪಿಸುಗುಟ್ಟಿದ್ರು.

"ಬರ್ತಾನೇ ಇಲ್ಲ ಕಣ್ರೀ..."

ಅಷ್ಟರಲ್ಲಿ ಅದು ತಟ್ಟನೆ ಸಡಿಲಾಯ್ತು. ಮರುಕ್ಷಣ ಅವಳ ಬಲ ಮಣಿಕಟ್ಟಿನ ಸುತ್ತ ತಣ್ಣಗೆ... ಐದು ಬೆರಳು.

ಎದ್ದೆನೋ ಬಿದ್ದೆನೋ ಅಂತ ಓಡಿದ್ರು. ಕ್ಯಾಮೆರಾ ಸಮೇತ ಟ್ರೈಪಾಡ್ ಅಲ್ಲೇ ಉಳೀತು. ಬಾಗಿಲು ಹಾಕಿ ಅಗಳಿ ಜಡಿದ್ರೂ ಆ ಹಿಡಿತ ಬಿಡಲಿಲ್ಲ.

ಬೆಳಗ್ಗೆ ಸೂಜಿಗೆ ದಾರ ಒಂದೇ ಸಲಕ್ಕೆ ಹೋಯ್ತು. ಕೈ ನಡುಗ್ತಾನೇ ಇಲ್ಲ!

"ಸಾಕು, ಬಿಡು ಅಂತ ಒಂದು ಮಾತು ಹೇಳಿಬಿಡೇ," ಅಂತ ಭಾವ ದಿನಾ ಕೈಮುಗೀತಾರೆ. ಅವಳಿಗೂ ಭಯವೇ, ರಾತ್ರಿಯೆಲ್ಲಾ ದೀಪ ಉರೀತಿರುತ್ತೆ. ಆದ್ರೂ ಹೇಳಲ್ಲ. ನನ್ನ ಕಿವಿಯಲ್ಲಿ ಅಂದಳು, "ಅದು ಬಿಟ್ರೆ... ನಾನು ಹೊಲಿಯೋದು ಹೇಗೋ?"

ನಂಬಿದ್ರೆ ನಂಬಿ, ಬಿಟ್ರೆ ಬಿಡಿ. ಸುಳ್ಳು ಹೇಳಿ ನನಗೇನಾಗಬೇಕು? ಸೂಜಿ ಚುಚ್ಚದ ಹಾಗೆ ಬೆರಳಿಗೆ ಹಾಕ್ಕೊಳ್ತಾರಲ್ಲ, ಆ ಟೋಪಿ, ಅದನ್ನ ಹೋದ ವಾರ ನಾನೇ ಪೇಟೆಯಿಂದ ತಂದುಕೊಟ್ಟೆ. ಎರಡು ಬೇಕು ಅಂದಿದ್ದಳು. ಒಂದು ಅವಳ ಅಳತೆಯದು. ಇನ್ನೊಂದು ಮಗುವಿನ ಬೆರಳಿಗೆ ಆಗೋವಷ್ಟು ಚಿಕ್ಕದು. ಅವರ ಮನೇಲಿ ಮಕ್ಕಳಿಲ್ಲ.