ಎರಡನೇ ಗೇರಿಗೂ ಮೂರನೆಯದಕ್ಕೂ ನಡುವಿನ ಉಸಿರು

ನನ್ನ ಹೆಸರು ಗುರುತಿನ ಚೀಟಿಯಲ್ಲಿರುವಂತೆ. ಅದನ್ನು ಕೂಗಿದರೆ ನಾನೇ ತಿರುಗಿ ನೋಡುವುದಿಲ್ಲವಾದ್ದರಿಂದ ರೂಢಿಯಂತೆ ಗೇರಣ್ಣ ಎಂದೇ ಬರೆದುಕೊಳ್ಳಲು ಕೋರಿದ್ದೇನೆ. ವಯಸ್ಸು ನಲವತ್ತೊಂಬತ್ತು. ಓದು ಬಿ.ಎಸ್ಸಿ., ಭೌತಶಾಸ್ತ್ರ, ಸೆಕೆಂಡ್ ಕ್ಲಾಸ್. ಕಸುಬು ಲಾರಿ ಗೇರ್‌ಬಾಕ್ಸ್ ದುರಸ್ತಿ. ವಾಸ ಬೈಪಾಸ್ ರಸ್ತೆಯ ತೂಕದ ಕಟ್ಟೆಯ ಹಿಂದಿನ ಶೆಡ್ಡು, ಮೇಲ್ಮಹಡಿ. ಠಾಣೆಗೆ ಹಾಜರಾಗಿ ಈ ಮೂಲಕ ತಿಳಿಸುವುದೇನೆಂದರೆ,

ಠಾಣೆಯ ಮುಂದೆ ನಿಂತಿರುವ ಸದರಿ ಲಾರಿಯು ನನ್ನ ಭಾವನವರದು, ಅಂದರೆ ನನ್ನ ಅಕ್ಕನ ಗಂಡನದು. ಭಾವ ಇಪ್ಪತ್ತೆಂಟು ವರ್ಷ ಕ್ಲಚ್ ಇರುವ ಲಾರಿ ಓಡಿಸಿ, ಕೊನೆಯ ನಾಲ್ಕು ವರ್ಷ ಈ ಆಟೋಮ್ಯಾಟಿಕ್ ಲಾರಿ ಓಡಿಸಿದರು. ಇದರಲ್ಲಿ ಕ್ಲಚ್ ಪೆಡಲ್ ಇಲ್ಲ, ಗೇರು ತಾನೇ ಬದಲಾಗುತ್ತದೆ. ಆದರೆ ಈ ಸುದ್ದಿಯನ್ನು ಹಳೇ ಚಾಲಕರ ಎಡಗಾಲಿಗೆ ಯಾರೂ ತಲುಪಿಸಿರುವುದಿಲ್ಲ. ಭಾವನ ಎಡಗಾಲು ಇಲ್ಲದ ಕ್ಲಚ್ಚನ್ನು ಒತ್ತುತ್ತಿತ್ತು. ಅದೇ ಗಳಿಗೆಗೆ ಬಲಗಾಲು ಆಕ್ಸಿಲರೇಟರ್ ಬಿಟ್ಟು ಏಳುತ್ತಿತ್ತು. ಎರಡನೇ ಗೇರಿನಿಂದ ಮೂರಕ್ಕೆ ಹೋಗುವಾಗಂತೂ ತಪ್ಪದೆ. ಈ ಜಾತಿಯ ಗೇರ್‌ಬಾಕ್ಸಿನ ಕಂಪ್ಯೂಟರು ಚಾಲಕನ ನಡವಳಿಕೆಯನ್ನು ಕಲಿತುಕೊಳ್ಳುತ್ತದೆ. ಕಲಿತುಕೊಂಡಿತು. ಎರಡರಿಂದ ಮೂರಕ್ಕೆ ಹೋಗುವಾಗ ಲಾರಿ ಒಮ್ಮೆ ಉಸಿರು ಬಿಟ್ಟು ಹೋಗುವುದನ್ನು ರೂಢಿ ಮಾಡಿಕೊಂಡಿತು. ಹಳೇ ಗಂಡ ಹೆಂಡತಿ ಒಂದೇ ರಾಗದಲ್ಲಿ ಕೆಮ್ಮುವ ಹಾಗೆ ಎಂದು ನಾನು ಭಾವನನ್ನು ಛೇಡಿಸಿದ್ದುಂಟು.

ಕಳೆದ ತಿಂಗಳು ಭಾವ ಕಲ್ಲುಕ್ವಾರಿಯ ಇಳಿಜಾರಿನ ನೆತ್ತಿಯಲ್ಲಿ ಲಾರಿಯನ್ನು ರಸ್ತೆ ಬದಿಗೆ ತಂದು, ಲಿವರನ್ನು ಪಾರ್ಕಿಗೆ ಹಾಕಿ, ಹ್ಯಾಂಡ್‌ಬ್ರೇಕ್ ಎಳೆದು, ನಾಲ್ಕೂ ಇಂಡಿಕೇಟರ್ ಹಚ್ಚಿ ತೀರಿಕೊಂಡರು. ಹೃದಯ ನಿಂತಿತ್ತು. ಹೃದಯಕ್ಕಿಂತ ಮೊದಲು ಲಾರಿ ನಿಲ್ಲಿಸಿದ ಶಿಸ್ತಿನ ಮನುಷ್ಯ.

ಆಮೇಲೆ ಇಟ್ಟುಕೊಂಡ ಸಂಬಳದ ಚಾಲಕನು ಎರಡು ವಾರವೂ ನಿಲ್ಲಲಿಲ್ಲ. ಗೇರು ಬೀಳೋ ಮುಂಚೆ ಯಾರೋ ಕಿವಿ ಪಕ್ಕ ಉಸಿರು ಬಿಡ್ತಾರೆ ಗೇರಣ್ಣ, ಬೇಕಾದ್ರೆ ಟ್ರ್ಯಾಕ್ಟರ್ ಓಡಿಸ್ತೀನಿ, ಇದು ನನ್ನ ಕೈಲಾಗಲ್ಲ ಎಂದು ಹೇಳಿ ಕೀಲಿಕೈ ನನ್ನ ಮೇಜಿನ ಮೇಲಿಟ್ಟು ಹೋದನು. ಕೆಟ್ಟ ಎಣ್ಣೆಯ ಚೇಷ್ಟೆ ಕಣಯ್ಯಾ ಎಂದು ನಾನು ಹೇಳಿದೆನು.

ಹಾಗೆ ಹೇಳಿದ್ದು ಪೂರಾ ಸುಳ್ಳಲ್ಲ. ಗೇರ್‌ಬಾಕ್ಸಿನ ಎಣ್ಣೆ ಹೊಸದರಲ್ಲಿ ದಾಳಿಂಬೆ ರಸದಂತೆ ಕೆಂಪಗಿರಬೇಕು. ಕಂದು ಬಣ್ಣಕ್ಕೆ ತಿರುಗಿದರೆ ಬದಲಿಸುವ ದಿನ ಬಂತೆಂದು ಅರ್ಥ. ಕಪ್ಪಾಗಿ ಸುಟ್ಟ ವಾಸನೆ ಹೊಡೆದರೆ ಬಂದ ದಿನ ಹೋಗಿಯೂ ಆಯಿತೆಂದು ಅರ್ಥ. ತಯಾರಕರ ಪುಸ್ತಕ ಎಷ್ಟೇ ಕಿಲೋಮೀಟರ್ ಹೇಳಲಿ, ಭಾರ ಹೊತ್ತು ಏರು ಹತ್ತುವ ಲಾರಿಗೆ ಅದರ ಅರ್ಧವೇ ಲೆಕ್ಕ. ಈ ಲಾರಿಯ ಎಣ್ಣೆ ಕಾಡಿಗೆಯಾಗಿತ್ತು. ಹಾಗೇ ಬಿಟ್ಟರೆ ಒಂದು ದಿನ ಹಿಡಿತ ತಪ್ಪಿ, ಇಳಿಜಾರಿನಲ್ಲಿ ಎಂಜಿನ್ನಿನ ತಡೆಯಿಲ್ಲದೆ, ಲಾರಿ ಒಳಗಿದ್ದವರ ಸಮೇತ ಕಣಿವೆಗೆ ಹೋಗುವುದು ಖಂಡಿತ. ಒಳಗೆ ನನ್ನ ಅಕ್ಕ ಇರುತ್ತಿದ್ದಳು. ಭಾವ ಹೋದಂದಿನಿಂದ ಲಾರಿ ಎಲ್ಲಿಗೆ ಹೊರಟರೂ ಆಕೆ ಚಾಲಕನ ಪಕ್ಕದ ಸೀಟಿನಲ್ಲಿ ಹೊರಡುತ್ತಿದ್ದಳು. ಆಕೆಗೆ ಲಾರಿಯಿರಲಿ, ಸೈಕಲ್ಲೂ ಬರುವುದಿಲ್ಲ.

ಈ ದಿನ ಬುಧವಾರ ಮಧ್ಯಾಹ್ನ ಎರಡು ಗಂಟೆಗೆ ಲಾರಿಯನ್ನು ಶೆಡ್ಡಿನ ಮುಂದಿನ ಸಮತಟ್ಟಾದ ಕಾಂಕ್ರೀಟಿನ ಮೇಲೆ ನಿಲ್ಲಿಸಿಕೊಂಡೆನು. ಅಕ್ಕ ತನ್ನ ಸೀಟಿನಿಂದ ಇಳಿಯಲಿಲ್ಲ. ಗೇರ್‌ಬಾಕ್ಸಿನ ಕೆಳಗಿನ ತಟ್ಟೆ ಬಿಚ್ಚಿ ಏಳು ಲೀಟರ್ ಕಪ್ಪೆಣ್ಣೆ ಇಳಿಸಿ, ಫಿಲ್ಟರ್ ಬದಲಿಸಿ, ತಟ್ಟೆಯ ಆಯಸ್ಕಾಂತಕ್ಕೆ ಅಂಟಿದ ಉಕ್ಕಿನ ಪುಡಿ ಒರೆಸಿ, ತಟ್ಟೆ ಕೂರಿಸಿದೆನು. ತಟ್ಟೆ ಬಿಚ್ಚಿದರೆ ಬರುವುದು ಅರ್ಧ ಎಣ್ಣೆ ಮಾತ್ರ. ಮಿಕ್ಕದ್ದು ಒಳಗೇ ಅಡಗಿರುತ್ತದೆ. ಅದನ್ನು ಒಂದೇ ಸಲ ಹೊರಗೆಳೆದರೆ ಹಳೇ ಗೇರ್‌ಬಾಕ್ಸು ಹಟ ಹಿಡಿದು ಕೆಲಸವನ್ನೇ ಬಿಡುತ್ತದೆ. ಸ್ವಲ್ಪ ಓಡಿಸಿ, ಮತ್ತೆ ಇಳಿಸಿ, ಹೀಗೆ ಎರಡು ಮೂರು ಸಲ ಪುಸಲಾಯಿಸಬೇಕು.

ನಾಲ್ಕು ಲೀಟರ್ ಹೊಸ ಎಣ್ಣೆ ಹೊಯ್ದು ಎಂಜಿನ್ ಚಾಲೂ ಮಾಡಿ, ಬ್ರೇಕ್ ತುಳಿದು ಲಿವರನ್ನು ಒಂದೊಂದು ಗೇರಿನ ಮನೆಗೂ ಒಯ್ದು, ಕಡೆಗೆ ಪಾರ್ಕಿನಲ್ಲಿಟ್ಟು ಹ್ಯಾಂಡ್‌ಬ್ರೇಕ್ ಎಳೆದೆನು. ಎಣ್ಣೆಯ ಮಟ್ಟವನ್ನು ಎಂಜಿನ್ ಓಡುತ್ತಿರುವಾಗಲೇ ನೋಡಬೇಕಾದ್ದರಿಂದ ಆರಿಸಲಿಲ್ಲ. ಅಳತೆಕಡ್ಡಿಯ ತುದಿ ಮಾತ್ರ ಒದ್ದೆಯಾಗಿತ್ತು. ಇನ್ನೂ ಮೂರು ಲೀಟರ್ ಬೇಕಿತ್ತು. ಎಣ್ಣೆಯ ಕಾವು ನೋಡಲು ಜೋಡಿಸಿದ್ದ ಸ್ಕ್ಯಾನರ್, ಅಂದರೆ ಗೇರ್‌ಬಾಕ್ಸಿನ ಕಂಪ್ಯೂಟರನ್ನು ಓದುವ ಯಂತ್ರ, ಹಳೆಯ ಕಲಿಕೆಯನ್ನು ಅಳಿಸಲೇ ಎಂದು ಕೇಳಿತು. ಹೊಸ ಎಣ್ಣೆಗೆ ಹಳೆಯ ಕಲಿಕೆ ಆಗಿಬರುವುದಿಲ್ಲ, ಅಳಿಸುವುದೇ ಕ್ರಮ. ಆದರೂ ಅಕ್ಕನನ್ನು ಕೇಳಿದೆನು.

ಎಣ್ಣೆ ಬೇಕಾದ್ರೆ ಹತ್ತು ಸಲ ಬದಲಾಯಿಸು, ಅದನ್ನ ಮಾತ್ರ ಮುಟ್ಟಬೇಡ, ಆ ಉಸಿರಲ್ಲಿ ಅವರಿದಾರೆ ಎಂದು ಅಕ್ಕ ಹೇಳಿದಳು. ಅದು ಭಾವ ಅಲ್ಲ ಕಣಕ್ಕಾ, ಬರೀ ಅಭ್ಯಾಸ ಎಂದು ನಾನು ಹೇಳಿದ್ದಕ್ಕೆ, ಮೂವತ್ತು ವರ್ಷ ಸಂಸಾರ ಮಾಡಿದ ಮೇಲೆ ಗಂಡ ಅಂದ್ರೆ ಇನ್ನೇನೋ ದಡ್ಡಾ, ನಿನಗೆ ಬಾಕ್ಸ್ ಬಿಚ್ಚೋದು ಗೊತ್ತು, ಬಾಯಿ ಮುಚ್ಚೋದು ಗೊತ್ತಿಲ್ಲ ಎಂದು ಬೈದಳು. ಇನ್ನೊಂದು ಸಲ ಇಳಿಜಾರಿನವರೆಗೆ ಹೋಗಿ ಬರೋಣ, ಆಮೇಲೆ ನೋಡೋಣ ಎಂದಳು. ಇಷ್ಟು ಕಡಿಮೆ ಎಣ್ಣೆಯಲ್ಲಿ ಗೇಟು ದಾಟಿದರೂ ಕಷ್ಟ ಎಂದು ಹೇಳಿ, ಸ್ಕ್ಯಾನರಿಗೆ ಹೌದೆಂದಾಗಲಿ ಇಲ್ಲವೆಂದಾಗಲಿ ಒತ್ತದೆ, ಡಬ್ಬಿ ತರಲು ಶೆಡ್ಡಿನೊಳಗೆ ಹೋದೆನು. ದೂರ ಇಪ್ಪತ್ತು ಅಡಿ.

ಡಬ್ಬಿ ಎತ್ತುವಾಗ ಹ್ಯಾಂಡ್‌ಬ್ರೇಕ್ ಬಿಟ್ಟ ಸದ್ದು ಕೇಳಿಸಿತು. ಹೊರಗೆ ಬಂದು ನೋಡಲಾಗಿ ಲಾರಿ ಗೇಟಿನತ್ತ ಚಲಿಸುತ್ತಿತ್ತು. ಅಕ್ಕ ತನ್ನ ಸೀಟಿನಲ್ಲಿ ಎರಡೂ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡಿದ್ದಳು. ಚಾಲಕನ ಸೀಟಿನಲ್ಲಿ ಯಾರೂ ಇರಲಿಲ್ಲ. ಸ್ಕ್ಯಾನರಿನ ತಂತಿಯ ಪಿನ್ನು ಕಳಚಿ, ಯಂತ್ರ ನನ್ನ ಕಾಲ ಬಳಿ ಬಿತ್ತು. ಗೇಟಿನ ಬಳಿ ಲಾರಿ ನಿಧಾನಿಸಿ, ತಿರುವಿಗೆ ಮೊದಲು ಇಂಡಿಕೇಟರ್ ಹಾಕಿ, ನಂತರ ತಿರುಗಿತು. ಈ ಊರಿನಲ್ಲಿ ತಿರುಗುವ ಮೊದಲು ಇಂಡಿಕೇಟರ್ ಹಾಕುವ ಲಾರಿ ಚಾಲಕರನ್ನು ನಾನು ಒಬ್ಬರನ್ನೇ ಕಂಡಿದ್ದೇನೆ. ಉಳಿದವರು ತಿರುಗಿದ ಮೇಲೆ ಹಾಕುತ್ತಾರೆ, ನೆನಪಾದರೆ.

ನಾನು ತಮ್ಮ ಠಾಣೆಗೆ ಫೋನ್ ಮಾಡಿ, ಗಿರಾಕಿಯೊಬ್ಬರ ಸ್ಕೂಟರ್ ತೆಗೆದುಕೊಂಡು, ಸ್ಕ್ಯಾನರನ್ನೂ ಎಣ್ಣೆ ಡಬ್ಬಿಯನ್ನೂ ಅದರ ಮೇಲಿಟ್ಟುಕೊಂಡು ಹಿಂಬಾಲಿಸಿದೆನು. ತೂಕದ ಕಟ್ಟೆ ದಾಟಿದ ಮೇಲೆ ಲಾರಿ ಎರಡರಿಂದ ಮೂರಕ್ಕೆ ಹೋಯಿತು. ಉಸಿರು ಬಿಟ್ಟೇ ಹೋಯಿತು. ನಾನು ಕೂಗಿದೆ. ಏನೆಂದು ಕೂಗಿದೆನೆಂದು ತಮ್ಮ ದಫೇದಾರರು ಕೇಳಿದ್ದಾರೆ. ಭಾವ, ಅಕ್ಕನ್ನ ಬಿಟ್ಟು ಹೋಗಿ ಎಂದು.

ಹನ್ನೊಂದು ಕಿಲೋಮೀಟರ್ ಏರು ರಸ್ತೆ. ಅಷ್ಟು ಎಣ್ಣೆಯಲ್ಲಿ ಆ ಗೇರ್‌ಬಾಕ್ಸು ಅದನ್ನು ಹತ್ತಬಾರದು. ಇಳಿಜಾರಿನ ನೆತ್ತಿಗೆ ನಾನು ಮತ್ತು ನನ್ನ ಫೋನಿನ ಮೇರೆಗೆ ಹೊರಟಿದ್ದ ದಫೇದಾರರು ಒಟ್ಟಿಗೆ ತಲುಪಿದೆವು. ಲಾರಿ ರಸ್ತೆ ಬದಿಗೆ ನಿಂತಿತ್ತು. ಲಿವರ್ ಪಾರ್ಕಿನಲ್ಲಿತ್ತು, ಹ್ಯಾಂಡ್‌ಬ್ರೇಕ್ ಎಳೆದಿತ್ತು, ನಾಲ್ಕೂ ಇಂಡಿಕೇಟರ್ ಮಿಣುಕುತ್ತಿದ್ದವು. ಚಾಲಕನ ಸೀಟನ್ನು ಮುಟ್ಟಿ ನೋಡಿದೆನು, ಬೆಚ್ಚಗಿತ್ತು. ಬಿಸಿಲಿಗೆ ಇರಬಹುದು ಎಂದು ದಫೇದಾರರು ಹೇಳಿದರು. ಆ ಬದಿ ನೆರಳಿನಲ್ಲಿತ್ತು. ಅವರೂ ಮುಟ್ಟಿ ನೋಡಿ, ಅಕ್ಕನ ಕಡೆಗೆ ತಿರುಗಿದರು.

ಓಡಿಸಿದ್ದು ಯಾರಮ್ಮಾ ಎಂದು ದಫೇದಾರರು ಕೇಳಲಾಗಿ, ನಮ್ಮನೆಯವರು ಎಂದು ಅಕ್ಕ ಹೇಳಿದಳು. ಈಗೆಲ್ಲಿ ಎಂದು ಕೇಳಲಾಗಿ, ಇಳಿದರು, ಬಾಗಿಲು ಮೆಲ್ಲಗೆ ಹಾಕಿದರು ಎಂದಳು. ನನ್ನ ಕಡೆ ತಿರುಗಿ, ನಿನ್ನ ಕೆಲಸ ಅರ್ಧಕ್ಕೆ ನಿಲ್ಲಿಸಬಾರದಂತೆ ಕಣೋ ಎಂದು ಹೇಳಿದಳು. ಸ್ಕ್ಯಾನರ್ ಜೋಡಿಸಿದೆನು. ನಾಲ್ಕು ವರ್ಷದ ಕಲಿಕೆಯಲ್ಲಿ ಒಂದು ಸಾಲೂ ಇರಲಿಲ್ಲ. ಕಾರ್ಖಾನೆಯಿಂದ ಅಂದೇ ಹೊರಬಂದಂತೆ ಎಲ್ಲಾ ಸೊನ್ನೆ. ನಾನು ಅಳಿಸಿಲ್ಲ.

ಜೊತೆಗೆ ತಂದಿದ್ದ ಮೂರು ಲೀಟರ್ ಹೊಯ್ದ ಮೇಲೆ ದಫೇದಾರರೇ ಲಾರಿಯನ್ನು ಠಾಣೆಗೆ ಓಡಿಸಿಕೊಂಡು ಬಂದರು. ನಾನು ಬಾಗಿಲ ಪಕ್ಕ, ಅಕ್ಕ ನಡುವೆ. ಎರಡರಿಂದ ಮೂರಕ್ಕೆ ಗೇರು ಬೆಣ್ಣೆಯಿಂದ ಕೂದಲು ತೆಗೆದಂತೆ ಬಿತ್ತು. ಭಾವ ತೀರಿಕೊಂಡ ದಿನ ಅಳದಿದ್ದ ನನ್ನ ಅಕ್ಕ ಅಲ್ಲಿಂದ ಠಾಣೆಯವರೆಗೆ ಅತ್ತಳು. ದಫೇದಾರರು ಗಾಡಿ ನಿಧಾನ ಮಾಡಿದರು.

ಚಾಲಕರು ಯಾರು ಎಂಬಲ್ಲಿ ಅಕ್ಕನ ಹೆಸರು ಹಾಕುವಿರೆಂದು ತಿಳಿದುಬಂದಿದೆ. ಆಕೆಗೆ ಲೈಸೆನ್ಸ್ ಇಲ್ಲ, ಆಕೆ ಓಡಿಸಿಯೂ ಇಲ್ಲ. ಹೆಸರು ಬೇಕೇ ಬೇಕೆಂದರೆ ನನ್ನದನ್ನು ಬರೆದುಕೊಳ್ಳಬಹುದು, ನನ್ನ ತಕರಾರಿಲ್ಲ. ಹೊರಗೆ ಬೆಂಚಿನ ಮೇಲಿರುವ ಅಕ್ಕನ ತಕರಾರಿದೆ. ಅವರ ಹೆಸರನ್ನೇ ಬರೀರಿ, ಕೊನೇ ಟ್ರಿಪ್ಪು ಅವರದೇ, ಸರಿಯಾಗಿ ನಿಲ್ಲಿಸಿ ಇಳಿದಿದ್ದಾರೆ ಎಂದು ಆಕೆ ಬಾಗಿಲಿನಿಂದಲೇ ಹೇಳುತ್ತಿದ್ದಾಳೆ.

ಮೇಲೆ ಬರೆಸಿದ್ದನ್ನು ನನಗೆ ಓದಿ ಹೇಳಲಾಯಿತು. ನಾನು ಕಂಡದ್ದು ಇಷ್ಟು, ಕಂಡಂತೆಯೇ ಇದೆ. ನಂಬುವುದು ಬಿಡುವುದು ತಮಗೆ ಸೇರಿದ್ದು.

ಸ್ಥಳ: ಠಾಣೆಯ ಮುಂಗೋಣೆ
ದಿನ: ಬುಧವಾರ, ಸಂಜೆ ಆರು ಗಂಟೆ
ಸಹಿ: ಗೇರಣ್ಣ