ಐದನೇ ಆಟಗಾರ್ತಿ

ನಗೋರು ಈಗಲೇ ನಕ್ಕುಬಿಡಿ... ಆಮೇಲೆ ನಗು ಬರಲ್ಲ. ಇದು ನಮ್ಮ ಚಿಕ್ಕಪ್ಪನ ಮಗಳಿಗೆ ಆದದ್ದು. ಮನೆಮಂದಿಯೆಲ್ಲ ಅವಳನ್ನ ಮೊಂಡಿ ಅಂತಲೇ ಕರೆಯೋದು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನೋ ಪೈಕಿ. ಹಗಲೆಲ್ಲ ಲಾಂಡ್ರಿಯಲ್ಲಿ ಇಸ್ತ್ರಿ ಹಾಕಿ, ಸಂಜೆ ಕಂಪ್ಯೂಟರ್ ಕಲಿಯೋಕೆ ಹೋಗ್ತಿದ್ದಳು. ಮಾರನೇ ಬೆಳಿಗ್ಗೆ ಪರೀಕ್ಷೆ. ಬಿಂಗೊ ಆಟದ ಪ್ರೋಗ್ರಾಂ ಬರೆದು ಮೇಷ್ಟ್ರಿಗೆ ಆಡಿಸಿ ತೋರಿಸಬೇಕು. ಪಾಸಾದರೆ ಆಫೀಸು ಕೆಲಸ. ಇಲ್ಲದಿದ್ದರೆ ಜೀವಮಾನವಿಡೀ ಇಸ್ತ್ರಿ ಪೆಟ್ಟಿಗೆ.

ಆ ರಾತ್ರಿ, ಜೊತೆಗೆ ಕಲಿಯೋ ಹೊಲಿಗೆಯವಳೂ ಅವಳೂ ನಡ್ಕೊಂಡು ಮನೆಗೆ ಬರ್ತಿದ್ದಾರೆ. ದಾರಿಯಲ್ಲಿ ಹಾಳುಬಾವಿ. ಗಾಳಿಗೆ ರಾಟೆ ಕಿರ್ರ್... ಕಿರ್ರ್... ಅಂತಿದೆ. ಮೊಂಡಿಗೆ ಅದೆಲ್ಲ ಕೇಳಿಸ್ತಾನೇ ಇಲ್ಲ, ತಲೆ ಕೆಟ್ಟುಹೋಗಿದೆ. ಆಟಗಾರ ಅಂತ ಒಂದು ಕ್ಲಾಸ್ ಬರೆದಿದ್ದಳು. ಕ್ಲಾಸ್ ಅಂದರೆ ಪಾಠದ ಕೋಣೆಯಲ್ಲಪ್ಪ, ಅಚ್ಚು ಇದ್ದ ಹಾಗೆ. ನಾಲ್ಕು ಸಲ ಒತ್ತಿದರೆ ನಾಲ್ಕು ಜನ ಆಟಗಾರರು, ಅವರ ಕೈಯಲ್ಲಿ ನಾಲ್ಕು ಕಾರ್ಡು. ನಂಬರ್ ಕೂಗೋದಕ್ಕೆ ಇನ್ನೊಂದು ಅಚ್ಚು. ಕೂಗಿದ ನಂಬರ್ ಕಾರ್ಡಿನಲ್ಲಿ ಹೊಡೆದುಹಾಕಿ, ಮೊದಲು ಸಾಲು ತುಂಬಿಸಿದವರದು ಬಿಂಗೊ. ಎಲ್ಲ ಸರಿಯಾಗೇ ಬರೆದಿದ್ದಳು. ಆದರೆ ನಾಲ್ಕು ಸಲ ಒತ್ತಿದರೆ ಸ್ಕ್ರೀನ್ ಮೇಲೆ ಐದು ಕಾರ್ಡು ಬರ್ತಿತ್ತು. ಐದನೆಯದಕ್ಕೆ ಹೆಸರಿಲ್ಲ. ಪ್ರತಿ ಆಟಾನೂ ಅದೇ ಗೆಲ್ಲೋದು. ಇದನ್ನೇ ಹೊಲಿಗೆಯವಳಿಗೆ ಹೇಳಿಕೊಂಡಳು.

"ಯಾವ ಸಿಸ್ಟಂ ನಿಂದು?" ಹೊಲಿಗೆಯವಳು ಪಿಸುಗುಟ್ಟಿದಳು.

"ಕಿಟಕಿ ಪಕ್ಕದ್ದು."

ಹೊಲಿಗೆಯವಳು ಅಲ್ಲೇ ನಿಂತುಬಿಟ್ಟಳು. ಹಿಂದೆ ಅಲ್ಲಿ ಇನ್ನೊಬ್ಬಳು ಕೂರ್ತಿದ್ದಳಂತೆ. ಇದೇ ಪರೀಕ್ಷೆ, ಇದೇ ಆಟ. ಐದು ನಿಮಿಷ ಕೊಡಿ ಸರ್ ಅಂತ ಗೋಗರೆದರೂ ಮೇಷ್ಟ್ರು ಟೈಂ ಆಯ್ತು ಅಂತ ಸ್ವಿಚ್ ಆರಿಸಿದರಂತೆ. ಬರೆದದ್ದೆಲ್ಲ ಹೋಯ್ತು. ಅಳ್ತಾ ಮನೆಗೆ ಹೊರಟವಳು, ಕತ್ತಲಲ್ಲಿ ಕಾಲು ಜಾರಿ ಇದೇ ಬಾವಿಗೆ... ಅಂದಿನಿಂದ ಆ ಸಿಸ್ಟಂನಲ್ಲಿ ಬಿಂಗೊ ಬರೆದವರೆಲ್ಲ ಅರ್ಧಕ್ಕೇ ಬಿಟ್ಟು ಓಡಿದ್ದಾರೆ, ನೀನೂ ಬಿಟ್ಟುಬಿಡೇ ಅಂತ ಅಂಗಲಾಚಿದಳು.

ಮೊಂಡಿಗೆ ಭಯಕ್ಕಿಂತ ಮೊದಲು ಬಂದದ್ದು ಸಿಟ್ಟು. ಸತ್ತವಳ ಬಗ್ಗೆ ಅಯ್ಯೋ ಅನ್ನಿಸ್ತು, ಸುಳ್ಳಲ್ಲ. ಆದರೆ ಇಷ್ಟು ದಿನ ನಿದ್ದೆಗೆಟ್ಟು ಬರೆದದ್ದು ತಾನು. "ಸ್ವಿಚ್ ಆರಿಸಿದ್ದು ಮೇಷ್ಟ್ರು. ನಾನ್ಯಾಕೆ ಫೇಲಾಗಲಿ?" ಅಂದವಳೇ ತಿರುಗಿ ನಡೆದಳು. ತೋಳು ಹಿಡಿದು ಎಳೆದರೂ ನಿಲ್ಲಲಿಲ್ಲ.

ಕಂಪ್ಯೂಟರ್ ಸೆಂಟರಿನ ಕಾವಲು ತಾತನ ಹತ್ತಿರ ಬೀಗದಕೈ ಇಸ್ಕೊಂಡು ಒಳಗೆ ಹೋದಳು. ಸಿಸ್ಟಂ ಆನ್ ಮಾಡಿದಳು. ಒಳಗಿನ ಫ್ಯಾನು ಗುಂಯ್... ಅಂತು. ಬರೆದದ್ದನ್ನ ಮೊದಲಿಂದ ಓದ್ತಾ ಬಂದಾಗ ಕಣ್ಣಿಗೆ ಬಿತ್ತು. ಹೆಸರು ಕೊಡದಿದ್ದರೂ ಆಟಗಾರ ಹುಟ್ಟೋ ಹಾಗೆ ಅಚ್ಚು ಮಾಡಿಟ್ಟಿದ್ದಳು. ಬಾಗಿಲು ಹಾರುಹೊಡೆದಿದ್ದರೆ ಯಾರು ಬೇಕಾದರೂ ನುಗ್ತಾರೆ, ದೆವ್ವಾನೇ ಆಗಬೇಕಾ? ತಿದ್ದಿದಳು. ಹೆಸರು ಹೇಳದೆ ಇನ್ನು ಯಾರೂ ಆಟಕ್ಕೆ ಬರೋ ಹಾಗಿಲ್ಲ. ನಾಲ್ಕು ಹೆಸರು ಕೊಟ್ಟಳು. ನಾಲ್ಕು ಕಾರ್ಡು ಬಂತು. ಉಸಿರು ಬಿಟ್ಟಳು...

ಸ್ಕ್ರೀನ್ ಮತ್ತೆ ಕೇಳಿತು. ಹೆಸರು?

ಅವಳ ಎರಡೂ ಕೈ ಮಡಿಲಲ್ಲಿವೆ. ಕೀಬೋರ್ಡಿನ ಗುಂಡಿಗಳು ತಾವಾಗೇ ಒತ್ತಿಕೊಂಡವು. ಟಕ್... ಟಕ್... ಟಕ್. ಮೂಡಿದ್ದು ಮೊಂಡಿಯದೇ ಹೆಸರು. ಮನೆಯಲ್ಲಿ ಕರೆಯೋದಲ್ಲ, ಹುಟ್ಟಿದಾಗ ಇಟ್ಟದ್ದು.

ಬೇರೆಯವರಾಗಿದ್ದರೆ ಎದ್ದೆನೋ ಬಿದ್ದೆನೋ ಅಂತ ಓಡಿರೋರು. ಇವಳು ಒಂದೊಂದೇ ಅಕ್ಷರ ಅಳಿಸಿದಳು.

"ಅದು ನಂದು," ಅಂದಳು ಮೆಲ್ಲಗೆ. "ನನ್ನ ಹೆಸರಲ್ಲಿ ಆಡೋಕೆ ಬಿಡಲ್ಲ. ನಿಂದು ಹೇಳು... ನಿನ್ನ ಹೆಸರಲ್ಲಿ ಆಡು."

ಫ್ಯಾನಿನ ಸದ್ದೂ ನಿಂತಿತು. ಆಮೇಲೆ... ಟಕ್. ತುಂಬ ಹೊತ್ತು ಬಿಟ್ಟು ಇನ್ನೊಂದು ಟಕ್. ಹೊಸದಾಗಿ ಕಲಿಯೋರು ಒಂದೇ ಬೆರಳಲ್ಲಿ ಹುಡುಕಿ ಹುಡುಕಿ ಒತ್ತೋ ಹಾಗೆ. ಬಂತು ಒಂದು ಹೆಸರು. ಐವರೂ ಆಡಿದರು. ಆ ಸಲ ಐದನೆಯವಳು ಸೋತಳು. ಇನ್ನೊಂದಾಟದಲ್ಲೂ ಸೋತಳು. ಮೂರನೆಯದನ್ನ ಗೆದ್ದಳು, ನ್ಯಾಯವಾಗಿ.

ಬೆಳಿಗ್ಗೆ ಮೇಷ್ಟ್ರು ಬಂದು ನೋಡಿ ಮುಖ ಗಂಟಿಕ್ಕಿದರು. ನಾಲ್ಕು ಜನ ಅಂದರೆ ನಾಲ್ಕೇ ಜನ, ಐದನೆಯದನ್ನ ಅಳಿಸು, ಇಲ್ಲದಿದ್ದರೆ ಫೇಲ್ ಅಂದರು. ಅಳಿಸೋದು ಎಷ್ಟರ ಕೆಲಸ? ಎರಡು ಗುಂಡಿ ಒತ್ತಿದರೆ ಆಯ್ತು. ಕೆಲಸ ಕೈಗೆ ಬಂದು ನಿಂತಿದೆ. ಮೊಂಡಿ ಕೀಬೋರ್ಡಿನಿಂದ ಕೈ ತೆಗೆದಳು.

"ಅಳಿಸಲ್ಲ ಸರ್. ಮೊದಲು ಅವಳ ಹೆಸರು ಓದಿ."

ಮೇಷ್ಟ್ರು ಬಗ್ಗಿ ಓದಿದರು. ಮುಖ ಬಿಳಿಚಿಕೊಂಡಿತು. ಕೈ ಸ್ವಿಚ್ಚಿನವರೆಗೂ ಹೋಗಿ... ವಾಪಸ್ ಬಂತು. ಪಾಸ್ ಅಂದರು, ದನಿ ಹೊರಡದ ಹಾಗೆ. ಆಮೇಲೆ ಕೂರೋಣ ಅಂತ ಪಕ್ಕದ ಕುರ್ಚಿ ಎಳೆದರು. ಅದು ಕದಲಲಿಲ್ಲ. ಎರಡು ಕೈ ಹಾಕಿ ಎಳೆದರೂ ಕದಲಲಿಲ್ಲ. ಆಟ ಮುಗಿಯೋವರೆಗೂ ನಿಂತೇ ಇದ್ದರು.

ಹೊಲಿಗೆಯವಳು ಅಲ್ಲೇ ಇದ್ದಳು, ಕಣ್ಣಾರೆ ಕಂಡಿದ್ದಾಳೆ. ಬೇಕಿದ್ದರೆ ಹೋಗಿ ಕೇಳಿ, ನಾನೇನು ಕಟ್ಟಿ ಹೇಳ್ತಿಲ್ಲ. ಪ್ಲಾಸ್ಟಿಕ್ ಕುರ್ಚಿ ಕಣ್ರಯ್ಯಾ... ಖಾಲಿ ಪ್ಲಾಸ್ಟಿಕ್ ಕುರ್ಚಿ.